ಅಮ್ಮನ ಹೊಟ್ಟೆಯ ಹೊಲಿಗೆ

ಅಪ್ಪಾ,

ಅಮ್ಮ ಬದುಕಿದ್ದಾಳೆ, ಮೊದಲು ಅದನ್ನೇ ಹೇಳಿಬಿಡ್ತೇನೆ.

ಕಾರವಾರದಲ್ಲಿ ಸಣ್ಣ ತೂತು ಮಾಡಿ ಪಿತ್ತಕೋಶದ ಆಪರೇಷನ್ ಮಾಡುವಾಗ ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಯಿತು. ಡಾಕ್ಟರು ಮುಚ್ಚಿಡಲಿಲ್ಲ. "ರಕ್ತದಲ್ಲಿ ಏನೂ ಕಾಣದಿರುವಾಗ ರಕ್ತ ನಿಲ್ಲಿಸಲು ಗಡಿಬಿಡಿಯಲ್ಲಿ ಕ್ಲಿಪ್ ಹಾಕಿದ್ದರೆ ಪಿತ್ತನಾಳವೂ ಹೋಗುತ್ತಿತ್ತು. ಒತ್ತಿ ಹಿಡಿದು, ಹೊಟ್ಟೆ ತೆರೆದು, ರಕ್ತನಾಳ ಹೊಲಿದೆವು" ಅಂದರು. ನನ್ನ ಮಗುವನ್ನು ಎದೆಗೆ ಅವಚಿಕೊಂಡು ಕೇಳಿದೆ. ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ಇವತ್ತು ಬ್ಯಾಂಡೇಜ್ ಬದಲಿಸುವಾಗ ಅಮ್ಮ ಹೊಟ್ಟೆ ನೋಡಿಕೊಂಡಳು. "ಸಣ್ಣ ತೂತು ಅಂದಿದ್ರಲ್ಲ, ಇದೆಂಥದು? ನಿನ್ನಪ್ಪ ಹರಿದ ಬಲೆಯನ್ನೂ ಇದಕ್ಕಿಂತ ಚಂದ ಹೊಲಿತಿದ್ರು!" ನರ್ಸ್ ನಕ್ಕುಬಿಟ್ಟಳು.

ನೀನು ಹೋದಮೇಲೆ ಅಮ್ಮ ನಿನ್ನ ಮಾತೆತ್ತಿದ್ದು ಇದೇ ಮೊದಲು. ನಾನೂ ಎತ್ತಿರಲಿಲ್ಲ. ಮಧ್ಯಾಹ್ನ ಗಂಜಿ ಉಣ್ಣುತ್ತ ಇಬ್ಬರೂ ಸೇರಿ ನಿನ್ನನ್ನು ಮನಸಾರೆ ಬೈದೆವು, ಎದೆನೋವಿದ್ದರೂ ಯಾರಿಗೂ ಹೇಳದೆ ದೋಣಿ ಹತ್ತಿದ್ದಕ್ಕೆ.