ಬೆತ್ತದ ಕುರ್ಚಿಯಲ್ಲಿ ಕೂರುವುದೂ ಕೆಲಸವೇ

ಮೂಲನಿವಾಸಿ ಉದ್ಯಮ ಪ್ರೋತ್ಸಾಹ ಕಚೇರಿಯ ಮಾನ್ಯ ನಿರ್ದೇಶಕರೇ,

ಬಸ್ಸು ಬಂದು ತಿರುಗುವ ಜಾಗದಲ್ಲಿ, ಗುಡ್ಡದ ಬುಡದಲ್ಲಿರುವ ಬೆತ್ತದ ಕುರ್ಚಿಯ ಶೆಡ್ಡನ್ನು ಈ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಅಲ್ಲಿ ಗುಡ್ಡದ ಹೆಂಗಸರು ಕೆಲಸ ಮಾಡುತ್ತಿಲ್ಲ, ಕೂತು ಹರಟೆ ಹೊಡೆಯುತ್ತಿದ್ದಾರೆ ಎಂಬುದು ಕಾರಣ. ಖಾಲಿಯಾದ ಶೆಡ್ಡನ್ನು ಏನು ಮಾಡಲಿದ್ದೀರಿ ಎಂಬುದೂ ಅದೇ ಆದೇಶದ ಕೆಳಭಾಗದಲ್ಲಿದೆ: ಗುಡ್ಡದ ಹೆಂಗಸರಿಗೆ ಸ್ವಂತ ಉದ್ಯಮ ನಡೆಸುವುದು ಹೇಗೆಂದು ಕಲಿಸುವ ತರಬೇತಿ ಕೇಂದ್ರ. ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಹೌದು, ಹಾಗೆಯೇ ಇದೆ. ಮೀನಿಗೆ ಈಜು ಕಲಿಸುತ್ತೇವೆಂದು ಕೆರೆಯನ್ನೇ ಖಾಲಿ ಮಾಡಿಸುವ ಇಂಥ ಯೋಜನೆ ಹೊಳೆಯಬೇಕಾದರೆ ತಮ್ಮ ಕಚೇರಿಯಲ್ಲಿ ಎಷ್ಟು ಜನ ಎಷ್ಟು ಹೊತ್ತು ಕೂತಿರಬೇಕು! ಆ ಕೂತದ್ದನ್ನು ಯಾರಾದರೂ ಹರಟೆ ಎಂದರೆ ತಮಗೆ ನೋವಾಗುವುದಿಲ್ಲವೇ?

ಮೊದಲಿಗೆ ನನ್ನ ಪರಿಚಯ. ಅದು ತಮ್ಮ ದಾಖಲೆಯಲ್ಲಿ ಆಗಲೇ ಇದೆ. ಆದೇಶಕ್ಕೆ ಲಗತ್ತಿಸಿದ, ತಮ್ಮ ಪರಿಶೀಲನಾಧಿಕಾರಿಗಳ ವರದಿಯ ಎರಡನೇ ಪುಟದಲ್ಲಿ, ‘ಒಬ್ಬ ಸ್ಥೂಲಕಾಯದ ವೃದ್ಧರು ಸಹ ಯಾವುದೇ ಕಾರಣವಿಲ್ಲದೆ ಆಸೀನರಾಗಿದ್ದರು’ ಎಂದು ಬರೆದಿದೆಯಲ್ಲ, ಆ ವೃದ್ಧ ನಾನೇ. ಸ್ಥೂಲಕಾಯ ಎಂದದ್ದಕ್ಕೆ ನನ್ನ ತಕರಾರಿಲ್ಲ, ಕನ್ನಡಿ ನಮ್ಮ ಮನೆಯಲ್ಲೂ ಇದೆ. ವೃದ್ಧ ಎಂದದ್ದಕ್ಕೂ ಇಲ್ಲ. ‘ಯಾವುದೇ ಕಾರಣವಿಲ್ಲದೆ’ ಎಂಬ ಮಾತನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ. ಸ್ವಾಮಿ, ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿ ನಿವೃತ್ತನಾಗುವವರೆಗೂ ಕುರ್ಚಿಯಲ್ಲಿ ಕೂತೇ ಸಂಬಳ ತೆಗೆದುಕೊಂಡವನು ನಾನು. ಆಗ ಒಬ್ಬರೂ ಕಾರಣ ಕೇಳಲಿಲ್ಲ. ಈಗ, ಕೂರುವುದಕ್ಕೆ ನಿಜವಾದ ಕಾರಣ ಸಿಕ್ಕಿರುವ ಹೊತ್ತಿಗೆ, ಕಾರಣವಿಲ್ಲ ಎಂದು ಸರ್ಕಾರಿ ಕಾಗದದಲ್ಲಿ ಬರೆಯುವುದೇ?

ಆ ಕಾರಣವನ್ನು ಹೇಳುವುದಕ್ಕೆಂದೇ ಈ ಪತ್ರ. ಸ್ವಲ್ಪ ಉದ್ದವಾದೀತು. ಹೆಂಡತಿ ಇದ್ದಿದ್ದರೆ ‘ಸಾಕು, ವಿಷಯಕ್ಕೆ ಬನ್ನಿ’ ಎನ್ನುತ್ತಿದ್ದಳು. ಈಗ ಹೇಳುವವರಿಲ್ಲದ್ದರಿಂದ ತಾವೇ ಸಹಿಸಿಕೊಳ್ಳಬೇಕು.

ಅವಳು ಹೋದ ಮೇಲೆ ಮನೆಯಲ್ಲಿ ಎರಡು ಬೆತ್ತದ ಕುರ್ಚಿ ಉಳಿದವು. ಒಂದರಲ್ಲಿ ನಾನು ಕೂರುತ್ತಿದ್ದೆ, ಇನ್ನೊಂದನ್ನು ನೋಡುತ್ತಿದ್ದೆ. ಅವಳದ್ದು ತಳ ಹರಿದು ಜೋತುಬಿದ್ದಿತ್ತು. ಕೊನೆಗೊಂದು ದಿನ ಅದನ್ನು ಬಸ್ಸಿನ ನೆತ್ತಿಗೆ ಕಟ್ಟಿಸಿ ಈ ಶೆಡ್ಡಿಗೆ ತಂದೆ. ಅಲ್ಲಿ ಎಲ್ಲರಿಗಿಂತ ಹಿರಿಯರಾದ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹೆಂಗಸು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದರು.

“ಇದ್ರಲ್ಲಿ ಕೂರ್ತಿದ್ದೋರು ಎಡಕ್ಕೆ ವಾಲ್ತಿದ್ರಾ ತಮ್ಮಾ?”

“ಹೌದು. ನನ್ನ ಹೆಂಡತಿ. ಎಡಗಡೆ ನಾನು ಕೂರ್ತಿದ್ದೆ,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಎಡಗಡೆ ಬೇರೆ ಏನಿತ್ತು?”

“ಕಿಟಕಿ.”

“ಕಿಟಕಿ ಆಚೆ?”

“ಪಕ್ಕದ ಮನೆ. ಗಂಡ ಹೆಂಡತಿ ದಿನಾ ಜಗಳ ಆಡೋರು.”

ಶೆಡ್ಡೇ ಗೊಳ್ಳೆಂದು ನಕ್ಕಿತು. ಅವಳು ಹೋದ ಮೇಲೆ ನಾನು ಬಾಯ್ತುಂಬ ನಕ್ಕದ್ದು ಅಂದೇ ಮೊದಲು. ನಗುತ್ತ ನಗುತ್ತ ಪಕ್ಕದಲ್ಲಿದ್ದ ಹೊಸ ಕುರ್ಚಿಯಲ್ಲಿ ಧೊಪ್ಪೆಂದು ಕೂತೆ. ಅದು ಕಿರ್ರ್ ಎಂದು ಕಿರುಚಿಕೊಂಡಿತು. ಮುರಿದೆನಲ್ಲಪ್ಪ ಎಂದು ಏಳಹೊರಟರೆ, ಶೆಡ್ಡಿನವರ ಜೀಪು ಓಡಿಸುವ ಹೆಂಗಸು, ಜೀಪಿನಕ್ಕ, ಚಪ್ಪಾಳೆ ತಟ್ಟಿದಳು.

“ಏಳ್ಬೇಡಿ ಮಾವ, ಏಳ್ಬೇಡಿ! ದೊಡ್ಡಮ್ಮಾ, ನಾವು ಹುಡುಕ್ತಿದ್ದ ತೂಕ ಇದೇ ಕಣೇ!”

ಅವರ ಕಷ್ಟ ಏನೆಂದರೆ, ಗುಡ್ಡ ಹತ್ತಿ ಇಳಿದು ಅವರಲ್ಲಿ ಒಬ್ಬರ ಮೈಯಲ್ಲೂ ಬೊಜ್ಜಿಲ್ಲ. ಕುರ್ಚಿ ಕೊಳ್ಳುವವರೋ, ನನ್ನಂಥವರು. ಅವರು ಕೂತಾಗ ಸುಮ್ಮನಿದ್ದ ಕುರ್ಚಿ ಪೇಟೆಯವರು ಕೂತಾಗ ಕಿರುಚುತ್ತಿತ್ತು. ಹಾಗಾಗಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ನನ್ನ ಹುದ್ದೆಯ ಹೆಸರು ತೂಕದ ಮಾವ. ಡಿಪೋದಲ್ಲಿ ನನಗೆ ಬಡ್ತಿ ಸಿಕ್ಕಾಗಲೂ ಇಷ್ಟು ಸಂತೋಷವಾಗಿರಲಿಲ್ಲ.

ಈಗ ಕೂರುವುದು ಏಕೆ ಎಂಬುದಕ್ಕೆ ಬರುತ್ತೇನೆ. ಬೆತ್ತವನ್ನು ನೆನೆಸಿ, ಬಗ್ಗಿಸಿ, ಹೆಣೆದು, ಒಣಗಿಸಿದ ಮಾತ್ರಕ್ಕೆ ಇವರ ಲೆಕ್ಕದಲ್ಲಿ ಅದು ಕುರ್ಚಿಯಾಗುವುದಿಲ್ಲ. ಒಂದು ದಿನವಿಡೀ ಅದರಲ್ಲಿ ಮನುಷ್ಯರು ಕೂರಬೇಕು. ಅದಕ್ಕೆ ಕೂರೋ ದಿನ ಎನ್ನುತ್ತಾರೆ. ಸುಮ್ಮನೆ ಕಲ್ಲಿನಂತೆ ಕೂತರೆ ಪ್ರಯೋಜನವಿಲ್ಲ, ಮಾತಾಡಬೇಕು. ಮನುಷ್ಯ ನಗುವಾಗ ಹಿಂದಕ್ಕೆ ಒರಗುತ್ತಾನೆ, ಸಿಟ್ಟು ಬಂದರೆ ಮುಂದಕ್ಕೆ ಬರುತ್ತಾನೆ, ಗುಟ್ಟು ಹೇಳುವಾಗ ಪಕ್ಕಕ್ಕೆ ವಾಲುತ್ತಾನೆ. ಈ ಮೂರನ್ನೂ ತಡೆದುಕೊಂಡದ್ದು ಕುರ್ಚಿ. ತಡೆಯದ್ದನ್ನು ಬಿಚ್ಚಿ ಮತ್ತೆ ಹೆಣೆಯುತ್ತಾರೆ. ಅದಕ್ಕಾಗಿಯೇ ಅಲ್ಲಿ ನಗುವಿಗೆ ಒಬ್ಬಳು, ಜಗಳಕ್ಕೆ ಇಬ್ಬರು ಯಾವಾಗಲೂ ಸಿದ್ಧ. ಕುರ್ಚಿಯ ಬೆನ್ನು ಪರೀಕ್ಷಿಸಬೇಕಾದರೆ ‘ಮಾವ, ನಿಮ್ಮ ಡಿಪೋ ಮ್ಯಾನೇಜರ್ ಕತೆ ಹೇಳಿ’ ಎನ್ನುತ್ತಾರೆ. ಆ ಕತೆ ಹಿಂದಿನ ಕಾಲುಗಳಿಗೆ ಒಳ್ಳೆಯದು. ಜೊತೆಗೆ, ಮುಂದಿನ ವಾರ ಬೆತ್ತ ಕಡಿಯಲು ಯಾವ ದಿಕ್ಕಿಗೆ ಹೋಗುವುದು, ಯಾವ ಪೊದೆಯನ್ನು ಈ ವರ್ಷ ಮುಟ್ಟಬಾರದು, ಜೀಪು ಯಾರ ಮನೆಗೆ ಮೊದಲು ಹೋಗಬೇಕು, ಎಲ್ಲ ತೀರ್ಮಾನವೂ ಆ ದಿನವೇ ಆಗುತ್ತದೆ. ಉತ್ಪಾದನೆ, ಪರೀಕ್ಷೆ, ಆಡಳಿತ ಮಂಡಳಿಯ ಸಭೆ, ಮೂರೂ ಒಂದೇ ಕೂರುವಿಕೆಯಲ್ಲಿ. ತಮ್ಮ ಕಚೇರಿಯಲ್ಲಿ ಇವಕ್ಕೆ ಮೂರು ವಿಭಾಗಗಳಿವೆಯೆಂದು ಕೇಳಿದ್ದೇನೆ.

ಒಮ್ಮೆ ಕೂರದೆಯೂ ನೋಡಿದ್ದಾರೆ. ಒಂದು ಹೋಟೆಲ್‌ನವರು ಅವಸರ ಮಾಡಿದರೆಂದು ಕುರ್ಚಿಗಳನ್ನು ಹಾಗೆಯೇ ಲಾರಿಗೆ ಹತ್ತಿಸಿದರು. ಮೊದಲ ದಿನವೇ ಒಬ್ಬ ಗಿರಾಕಿ ಎದ್ದು ಹೋದರು, ಅವರ ಪ್ಯಾಂಟಿನ ಒಂದು ಭಾಗ ಕುರ್ಚಿಯಲ್ಲೇ ಉಳಿಯಿತು. ಎಲ್ಲ ಕುರ್ಚಿಯೂ ವಾಪಸು ಬಂದವು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರರು ‘ದಿ ಪ್ರೂಫ್ ಆಫ್ ದಿ ಪುಡಿಂಗ್’ ಎಂದು ಶುರುವಾಗುವ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಪುಡಿಂಗ್ ಎಂದರೇನೆಂದು ನಮಗಾರಿಗೂ ಗೊತ್ತಿರಲಿಲ್ಲವಾದ್ದರಿಂದ ಮುಂದಿನದು ಮರೆತುಹೋಗಿತ್ತು. ಆ ಲಾರಿ ವಾಪಸು ಬಂದ ದಿನ ನೆನಪಾಯಿತು. ‘ಈಸ್ ಇನ್ ದಿ ಸಿಟ್ಟಿಂಗ್’ ಎಂದಿರಬೇಕು, ಅಂದರೆ ಕೂತರೇ ಗೊತ್ತಾಗುವುದು ಎಂದು.

ತಮ್ಮ ಪರಿಶೀಲನಾಧಿಕಾರಿಗಳು ಬಂದದ್ದು ಇಂಥದೊಂದು ಕೂರೋ ದಿನ. ಹುಡುಗ ಒಳ್ಳೆಯವನೇ, ಮಾತು ಮೃದು, ಬೂಟು ಹೊಸದು. ಬಾಗಿಲಲ್ಲಿ ನಿಂತು ನೋಡಿದ. ಕುರ್ಚಿ ತುಂಬ ಹೆಂಗಸರು, ನಡುವೆ ನಾನು, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು.

“ಕೂತ್ಕೊಳ್ಳಿ ಸಾರ್,” ಎಂದು ಜೀಪಿನಕ್ಕ ಒಂದು ಕುರ್ಚಿ ಎಳೆದಳು.

“ಬೇಡಮ್ಮ, ಡ್ಯೂಟಿ ಮೇಲಿದ್ದೀನಿ.”

“ನಾವೂ ಡ್ಯೂಟಿ ಮೇಲೇ ಇರೋದು ಸಾರ್!”

ಮತ್ತೆ ನಗು. ಆತ ಕೈಯಲ್ಲಿದ್ದ ಕಾಗದಕ್ಕೆ ಏನೋ ಗೀಚಿಕೊಂಡು, ಬಂದ ಬಸ್ಸಿಗೇ ಹೊರಟುಹೋದ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಅವನಿಗೆ ನೆನಪಾಗಿರಬೇಕು. ಕೂತು ದುಡಿಯುವವರೂ ಇರುತ್ತಾರೆಂದು ಗಾದೆ ಕಟ್ಟಿದವರಿಗೇ ಹೊಳೆದಿರಲಿಲ್ಲ, ಪಾಪ, ಈ ಹುಡುಗನಿಗೆ ಹೇಗೆ ಹೊಳೆಯಬೇಕು? ತಪ್ಪು ಅವನದ್ದಲ್ಲ. ಬಂದು ನೋಡಿ ತಪ್ಪು ಬರೆದವನಿಗಿಂತ, ಬಾರದೆಯೇ ಕೆಳಗೆ ಸಹಿ ಹಾಕಿದವರ ಜವಾಬ್ದಾರಿ ದೊಡ್ಡದು ಎಂದು ನನ್ನ ನಮ್ರ ಅಭಿಪ್ರಾಯ.

ಆದೇಶದ ಜೊತೆ ತಾವು ಕಳಿಸಿದ ಬಣ್ಣದ ಕರಪತ್ರವನ್ನೂ ಶೆಡ್ಡಿನಲ್ಲಿ ಓದಿ ಹೇಳಿದೆ. ಅದರಲ್ಲಿ ‘ಸೋಷಿಯಲ್ ಎಂಟರ್‌ಪ್ರೈಸ್’ ಎಂಬ ಮಾತು ಸಾಲಿಗೊಂದು ಸಲ ಬರುತ್ತದೆ.

“ಹಂಗಂದ್ರೆ ಏನು ತಮ್ಮಾ?” ಎಂದರು ದೊಡ್ಡಮ್ಮ.

“ಲಾಭ ಎಲ್ಲರಿಗೂ ಸೇರೋ ವ್ಯಾಪಾರ.”

“ಮತ್ತೆ ಒಬ್ಬರಿಗೇ ಸೇರೋ ವ್ಯಾಪಾರಕ್ಕೆ ಏನಂತಾರೆ?”

“ಅದಕ್ಕೆ ಬರೀ ವ್ಯಾಪಾರ ಅಂತಾರೆ.”

“ಚೆನ್ನಾಗಿದೆ! ಹೊಸ ಹೆಸರು ಇಡಬೇಕಾಗಿದ್ದು ಅದಕ್ಕಲ್ವಾ?”

ಇದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ. ತಮ್ಮಲ್ಲಿದ್ದರೆ ತಿಳಿಸಿ, ನಾನು ಓದಿ ಹೇಳುತ್ತೇನೆ. ಮೊದಲು ಪೇಟೆಯ ಕಂಪನಿಗಳು ಈ ಗುಡ್ಡದ ಬೆತ್ತವನ್ನು ಹೊರೆಗಟ್ಟಲೆ ಹೊತ್ತೊಯ್ದು ಕುರ್ಚಿ ಮಾಡಿ ಮಾರುತ್ತಿದ್ದವು. ನನ್ನ ಮನೆಯ ಜೋಡಿಯೂ ಹಾಗೆ ಬಂದದ್ದೇ. ‘ಬೆತ್ತ ನಮ್ಮದು, ಕಡಿದ ಕೈ ನಮ್ಮದು, ಕುರ್ಚಿ ಮಾತ್ರ ಅವರದ್ದು ಹೇಗೆ?’ ಎಂದು ದೊಡ್ಡಮ್ಮ ಕೇಳಿದ ದಿನ ಈ ಉದ್ಯಮ ಹುಟ್ಟಿತು. ಯಾರೂ ಪ್ರೋತ್ಸಾಹಿಸಿರಲಿಲ್ಲ. ಹಾಳುಬಿದ್ದಿದ್ದ ಈ ಶೆಡ್ಡನ್ನು ಕೊಟ್ಟದ್ದು ತಮ್ಮದೇ ಕಚೇರಿ, ಆ ಪುಣ್ಯವನ್ನು ಮರೆತಿಲ್ಲ. ಆದರೆ ಸೂರು ಸರಿಪಡಿಸಿದವರು, ನೆಲ ಗಟ್ಟಿ ಮಾಡಿದವರು, ಹಾವು ಓಡಿಸಿದವರು ಇವರು. ಕುರ್ಚಿಯ ದುಡಿಮೆಯಿಂದಲೇ ಜೀಪು ಬಂತು. ಜೀಪು ಬಂದ ಮೇಲೆ ಮಕ್ಕಳು ಶಾಲೆ ತಲುಪುತ್ತಿದ್ದಾರೆ, ಕಾಯಿಲೆಯವರು ಆಸ್ಪತ್ರೆ ತಲುಪುತ್ತಿದ್ದಾರೆ. ಜೀಪಿನಕ್ಕ ಹುಟ್ಟಿದ್ದು ಗುಡ್ಡದ ಅರ್ಧ ದಾರಿಯಲ್ಲಿ. ಅವಳ ತಾಯಿಯನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ತರುತ್ತಿದ್ದರು, ಆಸ್ಪತ್ರೆ ಸಿಗುವ ಮೊದಲೇ ಮಗಳು ಬಂದುಬಿಟ್ಟಳು. ‘ಅದಕ್ಕೇ ನನಗೆ ತಿರುವು ಅಂದ್ರೆ ಹೆದರಿಕೆ ಇಲ್ಲ ಮಾವ’ ಎಂದು ನಗುತ್ತಾಳೆ. ನಗುವ ಮಾತೇ. ಆದರೆ ಶೆಡ್ಡು ಹೋದರೆ ಬೆತ್ತ ಮಳೆಗೆ ನೆನೆದು ಕೊಳೆಯುತ್ತದೆ, ಬೆತ್ತ ಕೊಳೆತರೆ ಜೀಪು ನಿಲ್ಲುತ್ತದೆ, ಜೀಪು ನಿಂತರೆ ಗುಡ್ಡದವರು ಮತ್ತೆ ಕಂಬಳಿ ಬಿಚ್ಚಬೇಕು. ಆಗ ನಗಲು ಆಗುವುದಿಲ್ಲ. ತಮ್ಮ ಸಹಿ ಬಿದ್ದಿರುವುದು ಇದರ ಮೇಲೆ.

ಆದೇಶ ಕೈಗೆ ಬಂದ ದಿನ ಸಭೆ ಸೇರಿತು. ಜೀಪಿನಕ್ಕ ಒಂದು ಉಪಾಯ ಹೇಳಿದಳು. “ಇನ್ನು ಮುಂದೆ ಸಾಹೇಬ್ರ ಬಸ್ ಬಂದಾಗ ಎಲ್ಲರೂ ಎದ್ದು ಬೆತ್ತ ಹಿಡ್ಕೊಂಡು ಆ ಕಡೆ ಈ ಕಡೆ ಓಡಾಡೋಣ. ಬೆವರು ಬರದಿದ್ರೆ ಮುಖಕ್ಕೆ ನೀರು ಚಿಮುಕಿಸ್ಕೊಳ್ಳೋಣ.”

ನನಗೆ ಹಿಡಿಸಿತು. ಡಿಪೋದಲ್ಲಿ ಮೇಲಧಿಕಾರಿಗಳು ಬಂದಾಗ ನಾವು ಮಾಡುತ್ತಿದ್ದುದೂ ಅದನ್ನೇ. ಆದರೆ ದೊಡ್ಡಮ್ಮ ಒಪ್ಪಲಿಲ್ಲ.

“ಇರೋ ಕೆಲಸಕ್ಕೇ ಹೊತ್ತು ಸಾಲ್ತಿಲ್ಲ. ಸುಳ್ಳು ಕೆಲಸ ಮಾಡೋಕೆ ಎಲ್ಲಿದೆಯೇ ಪುರುಸೊತ್ತು? ಇದ್ದದ್ದನ್ನ ಇದ್ದ ಹಾಗೆ ಬರೆದು ಕಳಿಸೋಣ. ತಮ್ಮಾ, ನೀನು ಕಾಲೇಜು ಕಲಿತೋನು, ಇಂಗ್ಲಿಷಲ್ಲೇ ಬರಿ. ಸ್ವಲ್ಪ ಹೆದರ್ಲಿ.”

ನಾನು ಶರ್ಟಿನ ತೋಳು ಮಡಿಸಿ ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಬರೆದು ಗಟ್ಟಿಯಾಗಿ ಓದಿದೆ.

“ಅರ್ಥ ಹೇಳು.”

“ಗೌರವದಿಂದ ಬೇಡಿಕೊಂಡು ಹೇಳ್ತೀನಿ ಅಂತ.”

“ಗೌರವ ಇರ್ಲಿ. ಬೇಡ್ಕೊಳ್ಳೋದು ಯಾಕೆ? ಹೇಳು, ಸಾಕು.”

ಬೇಡಿಕೊಳ್ಳದೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದನ್ನು ನಮಗೆ ಕಲಿಸಿರಲಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಾವೊಬ್ಬರೇ ಓದಿ ಮಡಿಸಿಡಬಾರದೆಂದು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಈಗ ಬೇಡಿಕೆ. ಖಾಲಿ ಮಾಡುವ ಆದೇಶವನ್ನು ಹಿಂದಕ್ಕೆ ಪಡೆಯಿರಿ, ಶೆಡ್ಡನ್ನು ಗುಡ್ಡದವರ ಹೆಸರಿಗೇ ಬಿಡಿ. ತರಬೇತಿ ಕೇಂದ್ರ ಬೇಡವೆಂದು ಯಾರೂ ಹೇಳುತ್ತಿಲ್ಲ. ಧಾರಾಳವಾಗಿ ತೆರೆಯಿರಿ, ಅದೇ ಶೆಡ್ಡಿನಲ್ಲಿ, ಕಲಿಸುವವರು ಅಲ್ಲೇ ಇದ್ದಾರೆ. ಕಲಿಯುವವರನ್ನು ಮಾತ್ರ ತಾವು ಕಳಿಸಬೇಕು, ಅದೂ ಬೇಗ. ಏಕೆಂದರೆ ಜಿಲ್ಲಾಸ್ಪತ್ರೆಯವರು ಕಾಯುವವರ ಕೋಣೆಗೆಂದು ಬಹಳಷ್ಟು ಕುರ್ಚಿಗಳಿಗೆ ಆರ್ಡರ್ ಕೊಟ್ಟಿದ್ದಾರೆ. ಗಂಟೆಗಟ್ಟಲೆ ಕೂರುವ ಜಾಗ, ಅಳುವವರೂ ಇರುತ್ತಾರೆ. ಅಳುವ ಮೈ ಹೇಗೆ ಕೂರುತ್ತದೆಂದು ಕೂಡ ಪರೀಕ್ಷೆಯಾಗಬೇಕಂತೆ. ಇಷ್ಟು ಕುರ್ಚಿಗೆ ನಮ್ಮಲ್ಲಿ ಜನ ಸಾಲದು. ನಾನೊಬ್ಬ ಎಷ್ಟರಲ್ಲಿ ಕೂತೇನು? ತಮ್ಮ ಕಚೇರಿಯಿಂದ ಒಂದಷ್ಟು ಅನುಭವಸ್ಥರನ್ನು ಕಳಿಸಿದರೆ ಉಪಕಾರವಾಗುತ್ತದೆ. ತಾವೇ ಬಂದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೋಗಬಹುದು. ಅಷ್ಟು ಹೊತ್ತು ಕೂತ ಮೇಲೂ ಇದು ಕೆಲಸವಲ್ಲ ಎನಿಸಿದರೆ ಅಲ್ಲಿಯೇ ಹಾಗೆಂದು ಬರೆದುಕೊಡಿ, ನಾನು ಸಾಕ್ಷಿ ಸಹಿ ಹಾಕುತ್ತೇನೆ.

ತಾವು ಬರುವುದಿಲ್ಲ, ಬೀಗ ಹಿಡಿದ ಸಿಬ್ಬಂದಿಯೇ ಬರುತ್ತಾರೆ ಎಂದೂ ಕೆಲವರು ಹೇಳುತ್ತಿದ್ದಾರೆ. ನಿನ್ನೆ ಶೆಡ್ಡಿನಲ್ಲಿ ಅದನ್ನು ಕೇಳಿದ ದೊಡ್ಡಮ್ಮ ಬೆತ್ತ ಸೀಳುತ್ತಲೇ ಜೀಪಿನಕ್ಕನಿಗೆ ಹೇಳಿದರು:

“ಬೀಗ ಹಾಕೋಕೆ ಬರೋರಿಗೂ ಎರಡು ಒಳ್ಳೇ ಕುರ್ಚಿ ತೆಗೆದಿಡೇ. ಅಷ್ಟು ದೂರ ಬಸ್ಸಲ್ಲಿ ನಿಂತ್ಕೊಂಡು ಬಂದಿರ್ತಾರೆ, ಸೊಂಟ ನೋಯ್ತಿರುತ್ತೆ.”

ಇಂತಿ,
ತಮ್ಮ ಉತ್ತರ ಬರುವವರೆಗೂ ಏಳುವ ಯೋಚನೆಯಿಲ್ಲದ,
ಬಿ.ಎ. ಪದವಿಯ, ಬಸ್ ಡಿಪೋದಿಂದ ನಿವೃತ್ತನಾದ,
ಬೆತ್ತದ ಶೆಡ್ಡಿನ ಏಕೈಕ ಗಂಡು ನೌಕರ