ಎಡಗೈಯಲ್ಲಿ ಸಿಕ್ಕ ಹೊಗೆಸೊಪ್ಪಿನ ನಂಜು

ಕೂಲಿಕಾರರ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಮುರಿಯುವ ಹದಿನಾಲ್ಕು ಹೆಂಗಸರ ಕೈಯಲ್ಲಿ ನಂಜಿಲ್ಲವೆಂದು ತಾವು ಪತ್ರ ಕೊಟ್ಟಿದ್ದೀರಿ. ಇದೆಯೆಂದು ನಾನು ತೋರಿಸಿದ್ದಕ್ಕೆ ಬಂದ ಉತ್ತರ ಓದಿ ನಗುವೂ ಬಂತು, ಮೈಯೂ ಉರಿಯಿತು: ಬಲಗೈಯಲ್ಲಿ ಇಲ್ಲದ ನಿಕೋಟಿನ್ ಎಡಗೈಯಲ್ಲಿ ಇರಲು ಸಾಧ್ಯವಿಲ್ಲವಂತೆ!

ನಡೆದದ್ದು ಇಷ್ಟು. ಇಬ್ಬನಿಯಲ್ಲಿ ನೆಂದ ಎಲೆ ಮುರಿದರೆ ನಂಜು ಚರ್ಮಕ್ಕಿಳಿದು ತಲೆಸುತ್ತು, ವಾಂತಿ. ನಿಮ್ಮವರು ಪರೀಕ್ಷೆಗೆ ಬರುತ್ತಾರೆಂದು ತಿಳಿದದ್ದೇ ತಡ, ನನ್ನ ಅವ್ವ ಚಿಕ್ಕಬೀರಮ್ಮ ಎಲ್ಲರನ್ನೂ ನಲ್ಲಿಯ ಬಳಿಗೆ ಅಟ್ಟಿದಳು. "ಆಪೀಸರು ಬತ್ತಾವ್ರೆ ಕಣ್ರವ್ವಾ, ಈ ಜಿಡ್ಡುಗೈ ನೀಡೀರಾ? ಹುಣ್ಸೇಅಣ್ಣು ಆಕಿ ಉಜ್ರಿ!" ಎರಡೂ ಕೈ ಉಜ್ಜಿದರು. ಮರ್ಯಾದಸ್ಥರು ನೋಡಿ, ಮಾದರಿಗೆಂದು ಕೈ ಒರೆಸುವ ನಿಮ್ಮವರ ಹತ್ತಿಗೆ ಬಲಗೈ ಚಾಚಿದರು, ಮನೆಮಗಳಾದ ನನ್ನ ಹತ್ತಿಗೆ ಎಡಗೈ. ನಿಮ್ಮ ಯಂತ್ರ ಶೂನ್ಯವೆಂದಿತು. ನಾನು ಕೆಲಸ ಮಾಡುವ ಮೈಸೂರಿನ ಪ್ರಯೋಗಾಲಯದ ಸಂವೇದಕಕ್ಕೆ, ಉಜ್ಜಿದ ಮೇಲೂ ಹದಿನಾಲ್ಕೂ ಕೈಗಳಲ್ಲಿ ಉಳಿದಿದ್ದ ಚೂರು ನಿಕೋಟಿನ್ ಕಂಡಿತು.

ಇದರಲ್ಲಿ ಮಾಟಮಂತ್ರವಿಲ್ಲ. ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಚಿನ್ನದ ಪದರದ ಮೇಲೆ ನಂಜು ಕೂತರೆ, ಅಲ್ಲಿಂದ ಮರಳುವ ಬೆಳಕು ಚೂರು ಬದಲಾಗುತ್ತದೆ. ಸಾಮಾನ್ಯ ಬೆಳಕಿನ ಕಣಗಳು ಹುಣಸೂರು ಬಸ್ ನಿಲ್ದಾಣದ ಜನರಂತೆ ನುಗ್ಗುವುದರಿಂದ ಆ ಗದ್ದಲದಲ್ಲಿ ಚೂರು ಬದಲಾವಣೆ ಮುಚ್ಚಿಹೋಗುತ್ತದೆ. ನಾವು ಬಳಸುವ ಕ್ವಾಂಟಮ್ ಬೆಳಕಿನ ಕಣಗಳು ಜೋಡಿಯಾಗಿ ಹುಟ್ಟುತ್ತವೆ. ಒಂದನ್ನು ಪದರಕ್ಕೆ ಕಳಿಸಿ, ಅದರ ಜೊತೆಗಾರನೊಡನೆ ಹೋಲಿಸಿದರೆ ಗದ್ದಲ ತಗ್ಗಿ ಸಣ್ಣ ಸುಳಿವೂ ಸಿಗುತ್ತದೆ. "ನಮ್ಮ ಯಂತ್ರಕ್ಕೆ ಕಾಣದ್ದನ್ನು ಕಂಡಿರುವುದರಿಂದ ನಿಮ್ಮದೇ ದೋಷಪೂರಿತ" ಎಂದಿರಲ್ಲ, ನಿಮ್ಮದರಷ್ಟೇ ಕಾಣುವ ಯಂತ್ರ ಕಟ್ಟಲು ನಾವು ಆರು ವರ್ಷ ಬೆವರು ಸುರಿಸಬೇಕಿತ್ತೇ ಸ್ವಾಮಿ?

ನನ್ನ ತಮ್ಮ ನಟರಾಜುವಿನ ಹೆಂಡತಿ ಪುಷ್ಪಾ ಐದು ತಿಂಗಳ ಬಸುರಿ. ಅವಳ ಕೈಯಲ್ಲೇ ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು. ಕೂಸಿಗೆ ಇದರಿಂದ ಎಷ್ಟು ಕೆಡುಕೆಂದು ನಮ್ಮ ಬೆಳಕು ಹೇಳುವುದಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೇ ರಬ್ಬರ್ ಕೈಗವಸು ತಂದುಕೊಟ್ಟೆ. ನಾಲ್ಕು ದಿನ ಹಾಕಿದಳು. ನಿಮ್ಮ ಪತ್ರ ಬಂತು, ಬಿಚ್ಚಿಟ್ಟಳು.

"ಸರ್ಕಾರ್ದೋರೇ ಏನೂ ಇಲ್ಲ ಅಂದವ್ರೆ, ಬುಡಕ್ಕಾ. ಅದ್ನಾಕಂಡ್ರೆ ಕೈ ಓಡಕಿಲ್ಲ" ಎಂದಳು.

ಗದರಿದೆ, ಗೋಗರೆದೆ. ಅವಳು ನಂಬುವುದು ನಿಮ್ಮ ಮೊಹರನ್ನು. ನನಗೆ ಹೆದರಿಕೆಯಾಗುತ್ತಿದೆ.

ಸೋಮವಾರ ಮತ್ತೆ ಸೊಪ್ಪು ಮುರಿಯುತ್ತಾರೆ. ಅಷ್ಟರೊಳಗೆ ಆ ಪತ್ರ ಹಿಂಪಡೆದು, ಕೈಗವಸು ಹಾಕಿಕೊಳ್ಳಿ ಎಂದು ಒಂದೇ ಸಾಲು ಮೊಹರು ಒತ್ತಿ ಕಳಿಸಿ. ಪ್ರತಿಯಾಗಿ, ನಿಮ್ಮ ಯಂತ್ರವೇ ಸರಿ, ನನ್ನದು ತಪ್ಪು ಎಂದು ಬೇಕಾದರೆ ಸಹಿ ಹಾಕಿ ಕೊಡುತ್ತೇನೆ.

ಇಂತಿ,
ಹುಟ್ಟಲಿರುವ ಕೂಸಿನ ಸೋದರತ್ತೆ,
ಸುಧಾ