ಗೋಡೆಯ ಕಿಂಡಿಗಳು

ಬೀಡಿನ ಮನೆ, ಮೂಡುಬಿದಿರೆ
೧೪ ಆಗಸ್ಟ್ ೨೦೨೪

ಪ್ರೀತಿಯ ಸುಪ್ರೀತಾ,

ಫರಂಗಿಪೇಟೆಯಲ್ಲಿ ನೀನೂ ಮಕ್ಕಳೂ ಸೌಖ್ಯವಷ್ಟೆ? ಫೋನಿದ್ದೂ ಅಕ್ಕ ಪತ್ರ ಬರೆದಿದ್ದಾಳೆಂದು ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಮಾತು ತಿರುಗಿಸಿಬಿಡುತ್ತೇನೆ. ಮೊದಲೇ ಹೇಳುತ್ತೇನೆ: ಮನೆ ಕೆಡವುವ ಕಾಗದಕ್ಕೆ ಸನತಣ್ಣ ಸಹಿ ಕೇಳಿದರೆ ಹಾಕಬೇಡ.

ಅಣ್ಣನ ವಾದ ನಿನಗೆ ಗೊತ್ತು. ಕಳೆದ ತಿಂಗಳು ತೋಟದ ಗೋಡೆ ಬಿದ್ದು ಮನೆಗೆಲಸದ ನೀಲಾವತಿಯ ಕಾಲು ಮುರಿಯಿತು. ಗೋಡೆಗೆ ನಾನೂರು ವರ್ಷ, ಮನೆಗೂ ಅಷ್ಟೇ, ಅದೇ ಮುರಕಲ್ಲು, ಅದೇ ಮಣ್ಣು. ಇನ್ನು ಮನೆಯ ಚಾವಡಿ ಯಾರ ತಲೆಯ ಮೇಲೆ ಬೀಳುತ್ತದೋ ಎನ್ನುತ್ತಾನೆ. ಇಂಜಿನಿಯರೂ ಹಾಗೇ ಬರೆದುಕೊಟ್ಟರು. ನಾನು ಪಕ್ಕದಲ್ಲೇ ನಿಂತು ಹೌದು ಹೌದು ಎಂದು ತಲೆಯಾಡಿಸಿದೆ.

ಸುಳ್ಳು ಮಾರಾಯ್ತಿ. ಆ ಗೋಡೆಯನ್ನು ಬೀಳಿಸಿದ್ದು ನಾನು.

ಗೋಡೆಯ ಬುಡದಲ್ಲಿ ಸಾಲಾಗಿ ಕಿಂಡಿಗಳಿದ್ದವಲ್ಲ, ನಾವು ಕೈ ಹಾಕಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದದ್ದು? ತೋಟ ಎತ್ತರ, ಅಂಗಳ ತಗ್ಗು. ತೋಟ ಕುಡಿದ ಮಳೆನೀರು ಆ ಕಿಂಡಿಗಳಿಂದಲೇ ಇಳಿಯಬೇಕು. ಕಟ್ಟಿದವರು ಬುದ್ಧಿವಂತರು, ಅವರ ವಂಶದಲ್ಲಿ ಹುಟ್ಟಿದ ನಾನು ದಡ್ಡಿ. ಏಪ್ರಿಲಿನಲ್ಲಿ ಒಂದು ಕಿಂಡಿಯಿಂದ ನಾಗರಹಾವು ಬಂದು ಬಚ್ಚಲಿನ ಹತ್ತಿರ ಮಲಗಿತ್ತು. ನಮ್ಮ ಜೈನರ ಮನೆಯಲ್ಲಿ ಇರುವೆಯನ್ನೂ ಕೊಲ್ಲುವಂತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಉಪಾಯ ಹೂಡಿದೆ. ಹಾವು ತೋಟಕ್ಕೆ ಹೋದದ್ದೇ ತಡ, ಕಿಂಡಿಗಳಿಗೆಲ್ಲ ಸಿಮೆಂಟು ಜಡಿದೆ. ಕಲಸಿಕೊಟ್ಟವಳು ನೀಲಾವತಿ. ಗಂಡನಿಗೆ ಹೇಳಬೇಡ ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ.

ಯಾಕೆಂದರೆ ಅವಳ ಗಂಡ ಧರ್ಣಪ್ಪ ಮೇಸ್ತ್ರಿ. ಹೋದ ವರ್ಷ ಗೋಡೆಯ ತಲೆ ರಿಪೇರಿ ಮಾಡುವಾಗಲೇ ಹೇಳಿದ್ದ, "ಆ ಕಿಂಡಿ ಮಾತ್ರ ಮುಚ್ಚಬೇಡಿ ಅಕ್ಕ. ಗೋಡೆಗೂ ಮೂತ್ರ ಮಾಡ್ಲಿಕ್ಕೆ ಉಂಟಲ್ಲ" ಎಂದು. ನಾಚಿಕೆ ಇಲ್ಲವಾ ನಿನಗೆ, ಹೆಂಗಸರ ಎದುರು ಎಂಥ ಮಾತು ಎಂದು ನಾನು ಗದರಿಸಿದ್ದೆ.

ಜುಲೈ ಮಳೆಗೆ ಗೋಡೆ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿತು. ನೋಡಿದೆ ಸುಪ್ರೀತಾ, ನೋಡಿಯೂ ಸುಮ್ಮನಿದ್ದೆ. ಕಿಂಡಿ ಒಡೆಸಿದರೆ ಮುಚ್ಚಿದ್ದು ಯಾರೆಂದು ಕೇಳುತ್ತಾರಲ್ಲ! ಮೂರನೆಯ ದಿನ ನೀಲಾವತಿ ಅಂಗಳ ಗುಡಿಸುತ್ತಿದ್ದಳು.

ಈಗ ಅಣ್ಣ, ಧರ್ಣಪ್ಪನ ಕೆಲಸವೂ ಸರಿ ಇರಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ. ಅವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆಸ್ಪತ್ರೆಯಲ್ಲಿ ನೀಲಾವತಿ ನನ್ನ ಕೈ ಹಿಡಿದು, ನಾನು ಯಾರಿಗೂ ಹೇಳುವುದಿಲ್ಲ ಅಕ್ಕ ಎಂದಳು.

ಚಾವಡಿಗೆ ಏನೂ ಆಗಿಲ್ಲ. ಹಲಸಿನ ಕಂಬಗಳು ಕಲ್ಲಿನಷ್ಟು ಗಟ್ಟಿ, ಗೋಡೆಯಲ್ಲಿ ಒಂದು ಬಿರುಕಿಲ್ಲ. ನನ್ನ ಹೆದರಿಕೆಗಾಗಿ ಇಷ್ಟು ದೊಡ್ಡ ಮನೆ ಬೀಳಬೇಕಾ? ಇಪ್ಪತ್ತೈದನೇ ತಾರೀಕು ಭಾನುವಾರ ಅಣ್ಣ ಕಾಗದ ತರುತ್ತಾನೆ. ಅಂದು ಎಲ್ಲರ ಎದುರು ಹೇಳುತ್ತೇನೆ. ನೀನು ಬಂದು ಪಕ್ಕದಲ್ಲಿ ನಿಲ್ಲು. ಒಬ್ಬಳೇ ಆದರೆ ಮತ್ತೆ ತಲೆಯಾಡಿಸಿಬಿಟ್ಟೇನು. ಕೆಟ್ಟ ಮೇಲೆ ಬುದ್ಧಿ ಬಂತಾ ಎಂದು ಬೇಕಾದಷ್ಟು ಬೈ, ಆದರೆ ಬಾ.

ನಿನ್ನ ಅಕ್ಕ,
ಯಶೋಧಾ

ತಾ.ಕ.: ಅಂಚೆಗೆ ಹಾಕುವ ಮೊದಲು ಧರ್ಣಪ್ಪನ ಮನೆಗೆ ಹೋಗಿ ಇದನ್ನು ಪೂರ್ತಿ ಓದಿ ಹೇಳಿದೆ. ಅವನು ಬೈಯಲಿಲ್ಲ. "ಬಿದ್ದ ದಿನವೇ ಗೊತ್ತಾಗಿದೆ ಅಕ್ಕ. ಇವಳನ್ನು ಕಲ್ಲಿನಡಿಯಿಂದ ಎಳೆಯುವಾಗ ಸಿಮೆಂಟು ಹಿಡಿದ ಕಲ್ಲು ನನ್ನ ಕೈಗೇ ಸಿಕ್ಕಿತ್ತು. ನೀವಾಗಿ ಹೇಳ್ತೀರಿ ಅಂತ ಕಾಯ್ತಾ ಇದ್ದೆ" ಎಂದ. ಅಷ್ಟು ದಿನವೂ ನಾನು ಅವನನ್ನು ಕಂಡಾಗಲೆಲ್ಲ, ಬೇಜಾರು ಮಾಡಬೇಡ ಧರ್ಣಪ್ಪ, ನಿನ್ನ ತಪ್ಪನ್ನು ನಾವು ಕ್ಷಮಿಸಿದ್ದೇವೆ ಎನ್ನುತ್ತಿದ್ದೆ.